ಡಬಲ್ ಪೋಲ್ ಸ್ವಿಚ್ಚಿನ ಬಗ್ಗೆ ಎರಡು ಮಾತು

ಈ ಸುರಕ್ಷತಾ ಸಪ್ತಾಹದ ಸಮಾರಂಭದ ಅಧ್ಯಕ್ಷರೂ, ಬೆಳಕು ವಿದ್ಯುತ್ ಗುತ್ತಿಗೆದಾರರ ಬಳಗದ ಅಧ್ಯಕ್ಷರೂ, ನನ್ನ ಖಾಸಾ ಮೈದುನರೂ ಆದ ಶ್ರೀ ಕೃಷ್ಣಕುಮಾರ್ ಅವರೇ, ವೇದಿಕೆಯ ಮೇಲಿರುವ ಗಣ್ಯರೇ, ತುಮಕೂರು, ಗುಬ್ಬಿ, ಕುಣಿಗಲ್ ಕಡೆಗಳಿಂದ ಒಂದು ದಿನದ ಕೆಲಸ ಬಿಟ್ಟು ಬಂದಿರುವ ವೈರ್‌ಮನ್ ಬಂಧುಗಳೇ, ಮೂರನೇ ಸಾಲಿನಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಿರುವ ನನ್ನ ಮಗಳು ಬಿಂದುಶ್ರೀ, ಮತ್ತು ಎಲ್ಲ ಸಭಿಕರೇ.

ನಾನು ಗುಬ್ಬಿಯ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡುವವಳು. ಸಂಧಿ ಸಮಾಸ ಹೇಳಿಕೊಡುವವಳಿಗೆ ಸ್ವಿಚ್ಚಿನ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ನನ್ನ ತರಗತಿಯಲ್ಲಿ ತಪ್ಪು ಮಾಡಿದರೆ ಅರ್ಧ ಅಂಕ ಹೋಗುತ್ತದೆ, ಅಷ್ಟೆ. ನಿಮ್ಮ ಕೆಲಸದಲ್ಲಿ ಏನು ಹೋಗುತ್ತದೆಂದು ನಿಮಗೇ ಗೊತ್ತು.

ನನಗೆ ಕೊಟ್ಟ ವಿಷಯ ‘ಗೃಹಿಣಿಯರು ಮತ್ತು ವಿದ್ಯುತ್ ಸುರಕ್ಷತೆ’. ಹತ್ತು ನಿಮಿಷ ಮಾತಾಡಿ, ಶಾಲು ಹೊದ್ದು, ಊಟ ಮಾಡಿ ಹೊರಡೋಣವೆಂದೇ ಬಂದಿದ್ದೆ. ಆದರೆ ಅಧ್ಯಕ್ಷರು ನನ್ನನ್ನು ಪರಿಚಯಿಸುತ್ತಾ, ‘ಒಂದು ಕ್ಷಣದ ಮರೆವಿನಿಂದ ಗಂಡನನ್ನು ಕಳೆದುಕೊಂಡ ತಾಯಿ’ ಅಂದರು. ನೀವೆಲ್ಲ ಅಯ್ಯೋ ಪಾಪ ಎನ್ನುವ ಮುಖ ಮಾಡಿದಿರಿ. ಮರೆವು ಎಂಬ ಮಾತಿನ ಬಗ್ಗೆ ಸ್ವಲ್ಪ ಮಾತಾಡಲೇಬೇಕಾಗಿದೆ. ಹತ್ತು ನಿಮಿಷ ಹದಿನೈದಾದರೆ ಸಹಿಸಿಕೊಳ್ಳಿ.

ಮೊದಲು ವಿಷಯಕ್ಕೆ ಬರುತ್ತೇನೆ. ಕರೆಂಟಿನ ಯಾವ ಸಾಮಾನಿಗೂ ಎರಡು ವೈರ್ ಬೇಕು. ಒಂದರಲ್ಲಿ ಕರೆಂಟ್ ಬರುತ್ತದೆ, ನೀವು ಫೇಸ್ ಅನ್ನುತ್ತೀರಿ. ಇನ್ನೊಂದರಲ್ಲಿ ವಾಪಸ್ ಹೋಗುತ್ತದೆ, ಅದು ನ್ಯೂಟ್ರಲ್. ಫ್ಯಾನಿಗೆ, ಬಲ್ಬಿಗೆ ಹಾಕುವ ಮಾಮೂಲಿ ಸ್ವಿಚ್ಚು ಇವೆರಡರಲ್ಲಿ ಒಂದನ್ನು ಮಾತ್ರ ಕಡಿಯುತ್ತದೆ. ಡಬಲ್ ಪೋಲ್ ಸ್ವಿಚ್ಚು ಎರಡನ್ನೂ ಒಟ್ಟಿಗೆ ಕಡಿಯುತ್ತದೆ. ಗೀಸರ್, ಎಸಿ ಇಂಥವಕ್ಕೆ ಇದನ್ನೇ ಹಾಕಬೇಕು. ಇದು ನಿಮಗೆ ಗೊತ್ತಿಲ್ಲದ್ದೇನಲ್ಲ, ಮೇಷ್ಟ್ರಮ್ಮ ನಮಗೇ ಪಾಠ ಹೇಳೋಕೆ ಬಂದಳು ಎಂದು ಹಿಂದಿನ ಸಾಲಿನವರು ನಗುತ್ತಿದ್ದೀರಿ. ನಗಿ, ಪರವಾಗಿಲ್ಲ.

ವೈರಿಂಗ್ ಮಾಡುವಾಗ ಈ ಎರಡು ವೈರ್ ಅದಲುಬದಲಾದರೆ ಏನಾಗುತ್ತದೆ? ಮಾಮೂಲಿ ಸ್ವಿಚ್ಚು ಆಗಲೂ ಟಕ್ ಅನ್ನುತ್ತದೆ. ಗೀಸರ್ ಆಫ್ ಆಗುತ್ತದೆ, ಅದರ ಕೆಂಪು ದೀಪವೂ ಆರುತ್ತದೆ. ಆದರೆ ಕಡಿದದ್ದು ನ್ಯೂಟ್ರಲ್. ಫೇಸು ಗೀಸರಿನ ಒಳಗೇ ಇರುತ್ತದೆ. ಬೋರಿನ ವಾಲ್ವು ಮುಚ್ಚದೆ ಕೊನೆಯ ನಲ್ಲಿಯನ್ನು ಮಾತ್ರ ಮುಚ್ಚಿದ ಹಾಗೆ, ಹೊರಗೆ ಹನಿ ನೀರಿಲ್ಲ, ಪೈಪಿನ ತುಂಬ ನೀರೇ. ಮನೆಯ ಹೆಂಗಸು ಇದನ್ನು ಹೇಗೆ ತಿಳಿಯಬೇಕು? ಅವಳ ಕಣ್ಣಿಗೆ ಕಾಣುವುದು ಆರಿದ ದೀಪ, ಕಿವಿಗೆ ಕೇಳುವುದು ಟಕ್ ಎನ್ನುವ ಸದ್ದು.

ಹನ್ನೊಂದು ವರ್ಷದ ಹಿಂದೆ ಒಂದು ಭಾನುವಾರ ಬೆಳಗ್ಗೆ ನಮ್ಮ ಗೀಸರಿನಲ್ಲಿ ನೀರು ಕಾಯುತ್ತಿರಲಿಲ್ಲ. ನಮ್ಮ ಯಜಮಾನರು ಲಕ್ಷ್ಮೀಕಾಂತ್ ಹಾಲಿನ ಡೇರಿಯಲ್ಲಿ ಸೆಕ್ರೆಟರಿಯಾಗಿದ್ದರು. ಮನೆಯ ಸಣ್ಣಪುಟ್ಟ ರಿಪೇರಿ ಅವರೇ ಮಾಡಬೇಕು, ಒಡಹುಟ್ಟಿದ ತಮ್ಮನೇ ವಿದ್ಯುತ್ ಕಂಟ್ರಾಕ್ಟರ್ ಆಗಿದ್ದರೂ ಅವನನ್ನು ಕರೆಯುವವರಲ್ಲ. ಬಚ್ಚಲಲ್ಲಿ ಸ್ಟೂಲ್ ಹತ್ತಿ ಗೀಸರಿನ ಮುಚ್ಚಳ ಬಿಚ್ಚಿದರು. ಸ್ವಿಚ್ಚು ಹೊರಗಿನ ಗೋಡೆಯಲ್ಲಿತ್ತು.

‘ಲೇ ಪ್ರೇಮಾ, ಸ್ವಿಚ್ ಆಫ್ ಮಾಡಿದ್ದೀಯೇನೇ?’
‘ಮಾಡಿದೀನಿ ಕಣ್ರೀ.’
‘ಸರಿಯಾಗ್ ನೋಡೇ.’
‘ಮಾಡಿದೀನಿ ಅಂದ್ನಲ್ಲ, ಎಷ್ಟ್ ಸಲ ಹೇಳಾದು?’

ನಾವಿಬ್ಬರೂ ಆಡಿದ ಕೊನೆಯ ಮಾತು ಅದು. ನಡುಮನೆಯಲ್ಲಿ ಓದುತ್ತಾ ಕೂತಿದ್ದ ಬಿಂದುವಿಗೆ ಆಗ ಹದಿನಾಲ್ಕು ವರ್ಷ. ಅವಳು ಅಷ್ಟನ್ನೂ ಕೇಳಿಸಿಕೊಂಡಳು.

ಅವರು ಕೂಗಿದಾಗ ನಾನು ಓಡಿಬಂದು ಗಾಬರಿಯಲ್ಲಿ ಅದೇ ಸ್ವಿಚ್ಚನ್ನು ಗುದ್ದಿದೆ. ಆಫ್ ಆಗಿದ್ದದ್ದು ಆನ್ ಆಯಿತು. ಪಕ್ಕದ ಮನೆಯ ಜಯಪ್ರಕಾಶ್ ಬಂದು ಮೈನ್ ಫ್ಯೂಸ್ ಕಿತ್ತರು. ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಸೇರಿದ ಜನ ನೋಡಿದ್ದು ಆನ್ ಆಗಿದ್ದ ಸ್ವಿಚ್ಚು. ಗುದ್ದಿದ ವಿಷಯ ನಾನು ಹೇಳಿದೆ, ಹೇಳಿ ಸಾಕಾದೆ. ‘ಮೊದ್ಲೇ ಆಫ್ ಆಗಿದ್ರೆ ಶಾಕ್ ಹೆಂಗ್ ಹೊಡೀತಮ್ಮಾ?’ ಎಂದು ಕೇಳಿದರು. ನಿಮ್ಮಲ್ಲಿ ಯಾರಾದರೂ ಒಬ್ಬರು ಅಲ್ಲಿದ್ದಿದ್ದರೆ ಹೇಗೆಂದು ಹೇಳುತ್ತಿದ್ದಿರಿ.

ಒಬ್ಬರು ಇದ್ದರು. ಆ ಮನೆಯ ವೈರಿಂಗ್ ಪೂರ್ತಿ ಮಾಡಿದವರು, ನನ್ನ ಮೈದುನರು.

ಎಂಟನೇ ದಿನ ಅವರು ಒಬ್ಬರೇ ಬಂದು, ಬಚ್ಚಲ ಹೊರಗಿನ ಹಳೆಯ ಸ್ವಿಚ್ಚು ಬಿಚ್ಚಿ ಡಬಲ್ ಪೋಲ್ ಸ್ವಿಚ್ಚು ಹಾಕಿದರು. ‘ಅತ್ತಿಗೆ, ಇದಿದ್ರೆ ಇನ್ನು ಭಯ ಇಲ್ಲ’ ಅಂದರು. ಅಣ್ಣ ಸತ್ತ ದುಃಖದಲ್ಲೂ ನಮ್ಮ ಬಗ್ಗೆ ಇವರಿಗೆ ಎಷ್ಟು ಕಾಳಜಿ ಎಂದು ನನಗೆ ಕಣ್ಣೀರು ಬಂತು. ಕೈಯಾರೆ ಕಾಫಿ ಮಾಡಿ ಕೊಟ್ಟೆ. ಹನ್ನೊಂದನೇ ದಿನ ತಿಥಿಗೆ ಹುತ್ರಿದುರ್ಗದ ಕಡೆಯ ನೆಂಟರೆಲ್ಲ ಸೇರಿದ್ದಾಗ ಇವರೇ ಎದ್ದು ನಿಂತು, ‘ಅತ್ತಿಗೆ ಏನ್ ಬೇಕಂತ ಮಾಡಿದ್ರಾ? ಮರ್ತ್ರು, ಆಯ್ತು, ಬುಡಿ’ ಅಂದರು. ಎಂಥ ದೊಡ್ಡ ಮನಸ್ಸು ಎಂದು ಜನ ಹೊಗಳಿದರು. ನಾನೂ ಹೊಗಳಿದೆ.

ಅವತ್ತಿನಿಂದ ನಾನು ಮರೆವಿನವಳು. ಮಗಳ ಮನೆ ಶೆಟ್ಟಿಹಳ್ಳಿಯಲ್ಲಿದೆ, ಹೋಗುತ್ತಿರುತ್ತೇನೆ. ಇಸ್ತ್ರಿಪೆಟ್ಟಿಗೆ ಮುಟ್ಟಲು ಹೋದರೆ ‘ಅಮ್ಮಾ, ನೀನ್ ಮುಟ್ಬೇಡ, ನಾನ್ ಮಾಡ್ತೀನಿ’ ಅನ್ನುತ್ತಾಳೆ. ಮಗುವಿಗೆ ಸ್ನಾನ ಮಾಡಿಸಲು ನನ್ನ ಕೈಗೆ ಕೊಡುವುದಿಲ್ಲ. ಬೈಯುವುದಿಲ್ಲ, ಒಂದು ದಿನವೂ ಬೈದವಳಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತಾಡುತ್ತಿದ್ದೆ.

ಕಳೆದ ತಿಂಗಳು ಆ ಸ್ವಿಚ್ಚು ಸುಟ್ಟ ವಾಸನೆ ಬರುತ್ತಿತ್ತು. ಮೈದುನರು ಮೀಟಿಂಗಿನಲ್ಲಿದ್ದರು, ಫೋನ್ ತೆಗೆಯಲಿಲ್ಲ. ಅಂಜನ್‌ಕುಮಾರ್ ಎನ್ನುವ ವೈರ್‌ಮನ್ ಬಂದರು. ಸ್ವಿಚ್ಚು ಬಿಚ್ಚಿ ಟೆಸ್ಟರ್ ಇಟ್ಟವರು, ‘ಮೇಡಂ, ಇಲ್ಲಿ ಉಲ್ಟಾ ಐತೆ. ಕೆಂಪ್ ವೈರಲ್ಲಿ ಕರೆಂಟ್ ಇಲ್ಲ, ಕರೀದ್ರಲ್ಲಿ ಬರ್ತೈತೆ. ಜಾಯಿಂಟ್ ಗೋಡೆ ಒಳಗೇ ತಪ್ಪಾಗೈತೆ’ ಅಂದರು. ಹಾಗಂದರೇನೆಂದು ಕೇಳಿದೆ. ಈಗ ನಿಮಗೆ ಹೇಳಿದ ಪಾಠವನ್ನು ಅವರು ನನಗೆ ಹೇಳಿದರು. ಆಮೇಲೆ ಒಂದು ಮಾತು ಸೇರಿಸಿದರು. ‘ಗೋಡೆ ಒಡ್ಯಾಕೆ ಬೇಜಾರಾಗಿ ಡಿಪಿ, ಅದೇ ಡಬಲ್ ಪೋಲ್, ಹಾಕವ್ರೆ. ಯಾರೋ ಗೊತ್ತಿದ್ದೋರೇ ಹಾಕವ್ರೆ ಬುಡಿ, ಬುದ್ಧಿವಂತ್ರು.’

ಯಾರೋ ಗೊತ್ತಿದ್ದವರು. ಹೆಂಗಸು ಮರೆತು ಆನ್ ಬಿಟ್ಟಿದ್ದರೆ ಬದಲಾಯಿಸಬೇಕಾದ್ದು ಹೆಂಗಸಿನ ಬುದ್ಧಿಯನ್ನು. ಸ್ವಿಚ್ಚನ್ನು ಯಾಕೆ ಬದಲಾಯಿಸಬೇಕು? ತಿಥಿಗೆ ಮೂರು ದಿನ ಮುಂಚೆ ಸ್ವಿಚ್ಚು ಬದಲಾಯಿಸಿದವರು ತಿಥಿಯ ದಿನ ಅತ್ತಿಗೆಯೇ ಮರೆತರು ಎಂದು ಹೇಗೆ ಹೇಳಿದರು? ಅಧ್ಯಕ್ಷರೇ, ನೀವು ನೀರು ಕುಡಿಯಿರಿ. ನಾನು ಉತ್ತರ ಕೇಳುತ್ತಿಲ್ಲ. ವೈರ್ ತಪ್ಪು ಸೇರಿಸಿದ್ದು ಕೈತಪ್ಪು, ಯಾರಿಗಾದರೂ ಆಗುತ್ತದೆ. ಆ ತಪ್ಪನ್ನು ನಾನು ಅವತ್ತೇ ಕ್ಷಮಿಸಿಬಿಡುತ್ತಿದ್ದೆ. ನೀವು ನನಗೆ ಆ ಅವಕಾಶವನ್ನೇ ಕೊಡಲಿಲ್ಲ. ನೀವೇ ನನ್ನನ್ನು ಕ್ಷಮಿಸಿಬಿಟ್ಟಿರಿ.

ವೈರ್‌ಮನ್ ಬಂಧುಗಳೇ, ಬರೆದುಕೊಳ್ಳುವವರು ಬರೆದುಕೊಳ್ಳಿ. ಡಬಲ್ ಪೋಲ್ ಹಾಕಿದ ಮಾತ್ರಕ್ಕೆ ಒಳಗಿನ ತಪ್ಪು ವೈರಿಂಗ್ ಸರಿಯಾಗುವುದಿಲ್ಲ, ಮುಚ್ಚಿಹೋಗುತ್ತದೆ. ಗೋಡೆ ಒಡೆದಾದರೂ ಸರಿಮಾಡಿ. ಯಾವ ಸ್ವಿಚ್ಚೇ ಇರಲಿ, ಮೈನ್ ತೆಗೆಯದೆ, ಟೆಸ್ಟರ್ ಇಟ್ಟು ನೋಡದೆ ಮುಚ್ಚಳ ಬಿಚ್ಚಬೇಡಿ. ಇನ್ನೊಂದು ವಿಷಯ. ಶಾಕ್ ಹೊಡೆದ ಮನೆಗೆ ಹೋದಾಗ ಆ ಮನೆಯ ಹೆಂಗಸು ನಾನು ಆಫ್ ಮಾಡಿದ್ದೆ ಅಂದರೆ, ಅವಳನ್ನು ಬೈಯುವ ಮೊದಲು ವೈರ್ ನೋಡಿ.

ಕೊನೆಯದಾಗಿ ನನ್ನದೊಂದು ಕೆಲಸ ಬಾಕಿಯಿದೆ. ತಿಥಿಯ ದಿನ ಅಷ್ಟು ಜನರ ಮುಂದೆ ನಾನು ನಮ್ಮತ್ತೆ ಭದ್ರಮ್ಮನವರ ಕಾಲು ಹಿಡಿದು, ‘ತಪ್ಪಾಯ್ತು ಕಣತ್ತೆ, ನಾನೇ ಮರ್ತೆ’ ಅಂದೆ. ಟಕ್ ಎಂದ ಸದ್ದು ಇದೇ ಕಿವಿಯಲ್ಲಿದ್ದರೂ ಹಾಗಂದೆ, ಎಲ್ಲರೂ ಹೇಳುತ್ತಿದ್ದಾರೆ, ಇರಬಹುದು ಅನ್ನಿಸಿಬಿಟ್ಟಿತ್ತು. ಅತ್ತೆ ಕಾಲು ಹಿಂದಕ್ಕೆ ಎಳೆದುಕೊಂಡರು. ಮೂರು ವರ್ಷದ ಹಿಂದೆ ತೀರಿಕೊಂಡರು, ಅಲ್ಲಿಯವರೆಗೂ ನನ್ನ ಕೈಯ ನೀರು ಕುಡಿಯಲಿಲ್ಲ. ಅವರಿಗೆ ಹೇಳುವ ಹಾಗಿಲ್ಲ, ಆದ್ದರಿಂದ ನಿಮ್ಮೆಲ್ಲರ ಎದುರಿಗೆ ಹೇಳುತ್ತಿದ್ದೇನೆ. ಅವತ್ತು ಕೇಳಿದ ಕ್ಷಮೆಯನ್ನು ನಾನು ಇವತ್ತು ವಾಪಸ್ ತೆಗೆದುಕೊಳ್ಳುತ್ತಿದ್ದೇನೆ.

ಬಿಂದೂ, ನಾನು ಆಫ್ ಮಾಡಿದ್ದೆ ಕಣೇ. ನಿಮ್ಮಪ್ಪನಿಗೆ ನಾನು ಹೇಳಿದ್ದು ನಿಜ.

ಶಾಲು ಬೇಡ, ಯಾರಿಗಾದರೂ ಕೊಡಿ. ಇಷ್ಟು ಹೊತ್ತು ಎದ್ದುಹೋಗದೆ ಕೇಳಿದಿರಿ, ನಿಮ್ಮ ಋಣ ನನ್ನ ಮೇಲಿದೆ. ನಮಸ್ಕಾರ.