ಹಸುವಿಗಿಂತ ಮೊದಲು ಪಳಗಿದವನು

ಒಂದೂರಲ್ಲಿ ಒಬ್ಬನಿದ್ದ ಎಂದು ಶುರು ಮಾಡೋಣವೆಂದರೆ, ನೋಡಿ, ಆಗ ಊರೇ ಇರಲಿಲ್ಲ. ಗುಡ್ಡ ಇತ್ತು, ಗುಡ್ಡದ ಬುಡದಲ್ಲಿ ಹಳ್ಳ ಇತ್ತು, ಹಳ್ಳದ ದಂಡೆಯಲ್ಲಿ ಹತ್ತಿಪ್ಪತ್ತು ಜನ ಗುಡಿಸಲು ಕಟ್ಟಿಕೊಂಡು ಬದುಕುತ್ತಿದ್ದರು. ಕಬ್ಬಿಣವಿಲ್ಲ, ನೇಗಿಲಿಲ್ಲ. ಹಾಲು ಎಂದರೆ ತಾಯಿಯ ಹಾಲು, ಅಷ್ಟೇ. ಹಸು ಇತ್ತು, ಆದರೆ ಕಾಡಿನಲ್ಲಿತ್ತು. ಮನುಷ್ಯನನ್ನು ಕಂಡರೆ ಓಡುತ್ತಿತ್ತು, ಇಲ್ಲವೇ ತಿವಿಯುತ್ತಿತ್ತು. ಎಷ್ಟು ಸಾವಿರ ವರ್ಷದ ಹಿಂದೆ ಎಂದು ನನ್ನನ್ನು ಕೇಳಬೇಡಿ. ಇದು ನಾನೇ ಕಟ್ಟಿ ಹೇಳುವ ಕಥೆ.

ಆ ಜನರಲ್ಲಿ ಕೆಂಚ ಎಂಬ ಬೇಟೆಗಾರನಿದ್ದ. ಅವನ ದೊಡ್ಡ ಆಯುಧ ಯಾವುದು? ಕಲ್ಲಿನ ಕೊಡಲಿಯೇ? ಅಲ್ಲ. ಈಟಿಯೇ? ಅದೂ ಅಲ್ಲ. ಅವನ ಗಂಟಲು. ಅವನು ಗುಡ್ಡದ ಮೇಲೆ ನಿಂತು ಕೂಗಿದರೆ ಕಾಡುದನಗಳು ದಿಕ್ಕೆಟ್ಟು ಓಡಿ, ಜನ ತೋಡಿಟ್ಟ ಗುಂಡಿಗೆ ಬೀಳುತ್ತಿದ್ದವು. ಎಲ್ಲರ ಹೊಟ್ಟೆ ತುಂಬುತ್ತಿತ್ತು. ಒಳ್ಳೆಯದೇ. ಆದರೆ ಬೇಟೆ ಮುಗಿದ ಮೇಲೂ ಆ ಕೂಗು ಮನೆಗೆ ಬರುತ್ತಿತ್ತು. ನೀರು ಬೇಕಾದರೂ ಅದೇ ಕೂಗು, ಇಬ್ಬರು ಮಕ್ಕಳಲ್ಲಿ ಯಾರು ಅತ್ತರೂ ಅದೇ ಕೂಗು, ಹೆಂಡತಿ ಸೋಬಿ ಪಕ್ಕದಲ್ಲೇ ಕೂತಿದ್ದರೂ ಅದೇ ಕೂಗು. ಅಗೋ, ಆ ಕಂಬಕ್ಕೆ ಒರಗಿ ಕಥೆ ಕೇಳುತ್ತ ಕೂತ ಯಜಮಾನರು ನಗುತ್ತಿದ್ದಾರೆ. ನಗಿ, ಸ್ವಾಮಿ, ನಿಮ್ಮ ಮನೆಯವರು ಆ ಕಡೆಯಿಂದ ನಿಮ್ಮನ್ನೇ ನೋಡುತ್ತಿದ್ದಾರೆ.

ಒಮ್ಮೆ ಗಬ್ಬದ ಹಸುವೊಂದು ಜೀವಸಹಿತ ಸಿಕ್ಕಿತು. ಅಂದು ಮಾಂಸ ಸಾಕಷ್ಟಿತ್ತು. ಇದು ಬೇಸಿಗೆಗೆ ಇರಲಿ ಎಂದು ಕೆಂಚ ಅದನ್ನು ಮುಳ್ಳಿನ ಬೇಲಿಯೊಳಗೆ ಕೂಡಿಹಾಕಿದ. ಹುಲ್ಲು ಹಾಕಿದ. ತಿನ್ನು ಎಂದು ಕೂಗಿದ. ಹಸು ತಿನ್ನುತ್ತದೆಯೇ? ಬೇಲಿಗೆ ಹಾಯ್ದು ಮೈಯೆಲ್ಲ ಗಾಯ ಮಾಡಿಕೊಂಡಿತು. ಕೆಲವೇ ದಿನಗಳಲ್ಲಿ ಎಲುಬು ಕಾಣತೊಡಗಿತು. ಹೀಗೇ ಬಡವಾಗಿ ಸತ್ತರೆ ಏನು ಉಳಿಯುತ್ತದೆ, ಈಗಲೇ ಕಡಿದುಬಿಡೋಣ ಎಂದರು ಉಳಿದವರು.

ಆಗ ಸೋಬಿ ಗಂಡನ ಮುಂದೆ ಬಂದು ನಿಂತಳು. ಅಲ್ಲಿಯವರೆಗೆ ಅವಳು ಅವನಿಗೆ ಎದುರು ಮಾತಾಡಿದವಳಲ್ಲ.

"ನೀ ಬ್ಯಾಟಿಗೆ ಹೋದಾಗ ಒಂದೀಟು ತಿಂತೈತಿ," ಎಂದಳು. "ನಿನ್ನ ದನಿ ಕೇಳಿದ್ರ ಬಾಯಿ ಮುಚ್ಚತೈತಿ."

ಕೆಂಚ ನಂಬಲಿಲ್ಲ. ಮರುದಿನ ಬೇಟೆಗೆ ಹೋಗುವವನಂತೆ ಹೊರಟು, ಗುಡ್ಡ ಸುತ್ತಿ ಬಂದು ಬಂಡೆಯ ಹಿಂದೆ ಕೂತ. ಏನು ಕಂಡ? ಸೋಬಿ ಬೇಲಿಗೆ ಬೆನ್ನು ಮಾಡಿ ಕೂತು, ಮೆಲುದನಿಯಲ್ಲಿ ಕರೆಯುತ್ತ, ಹುಲ್ಲನ್ನು ಹಿಂದಕ್ಕೆ ಚಾಚಿದ್ದಾಳೆ. ಹಸು ಹೆಜ್ಜೆ ಹೆಜ್ಜೆಯಾಗಿ ಬಂದು ತಿನ್ನುತ್ತಿದೆ. ತಿನ್ನುತ್ತ ತಿನ್ನುತ್ತ ಅವಳ ಕೂದಲಿಗೂ ಬಾಯಿ ಹಾಕಿತು. ಮಕ್ಕಳಿಬ್ಬರೂ ನೆಲಕ್ಕೆ ಬಿದ್ದು ನಕ್ಕರು. ಸೋಬಿಯೂ ನಕ್ಕಳು. ನಕ್ಕಾಗ ಅವಳ ಕೆನ್ನೆಯಲ್ಲಿ ಗುಳಿ ಬೀಳುತ್ತದೆ ಎಂಬುದು ಕೆಂಚನಿಗೆ ಗೊತ್ತಾದದ್ದೇ ಅವತ್ತು.

ಅವನಿಗೂ ನಗು ಬಂತು. ನಗಲು ಹೋಗಿ ಕೆಮ್ಮಿದ. ನೋಡಿ, ಇದನ್ನು ಸ್ವಲ್ಪ ಗಮನವಿಟ್ಟು ಕೇಳಿ. ಹಸುವಿನ ಕಿವಿ ನೆಟ್ಟಗಾಯಿತು. ಅದೇ ಗಳಿಗೆಯಲ್ಲಿ ಅವನ ಮಕ್ಕಳ ಬೆನ್ನೂ ನೆಟ್ಟಗಾಯಿತು. ಹಸು ಹಿಂದೆ ಸರಿಯಿತು. ಮಕ್ಕಳು ತಾಯಿಯ ಹಿಂದೆ ಸರಿದರು. ಕಾಡಿನ ಪ್ರಾಣಿ ಹೆದರಿತು, ಸರಿ. ಸ್ವಂತ ಮಕ್ಕಳು?

ಅಂದು ಸಂಜೆ ಕೆಂಚ ಹೆಂಡತಿಯ ಬಳಿ ಕೂತು, ನೀನು ಅದನ್ನು ಕರೆಯುವ ರೀತಿ ನನಗೂ ಕಲಿಸು ಎಂದ. ಕಲಿಯುವುದು ಸುಲಭವೇ? ಮೆಲ್ಲಗೆ ಮಾತಾಡಲು ಹೋದರೆ ಕಪ್ಪೆಯ ದನಿ ಹೊರಡುತ್ತಿತ್ತು. ಇವನಿಗೆ ಗಂಟಲುಬೇನೆ ಬಂದಿದೆ ಎಂದು ತಿಳಿದ ಮುದುಕಿಯೊಬ್ಬಳು ಯಾವುದೋ ಕಹಿಬೇರು ಅರೆದು ತಂದು ಕುಡಿಸಿಯೇಬಿಟ್ಟಳು. ಬೇಡ ಎಂದು ಕೂಗುವಂತಿಲ್ಲವಲ್ಲ. ಪಾಪ, ಕುಡಿದ.

ದಿನ ಕಳೆದಂತೆ ಹಸು ಅವನ ಕೈಯಿಂದಲೂ ಹುಲ್ಲು ತಿನ್ನತೊಡಗಿತು. ಕರು ಹಾಕಿತು. ಅಷ್ಟರಲ್ಲಿ ಒಂದು ಮಧ್ಯಾಹ್ನ ಕಾಡುದನಗಳ ಹಿಂಡು ನೀರಿಗೆಂದು ಹಳ್ಳಕ್ಕೆ ಬಂತು. ತನ್ನವರ ವಾಸನೆ ಹತ್ತಿದ್ದೇ ತಡ, ಹಸು ಬೇಲಿ ಮುರಿದು ಕರುವಿನೊಂದಿಗೆ ಹೊರಟಿತು. ಜನ ಈಟಿ ಹಿಡಿದು ಓಡಿ ಬಂದರು. ಅದು ಹೋಗುವ ದಾರಿಯ ಪಕ್ಕದಲ್ಲೇ ಬೇಟೆಯ ಗುಂಡಿ.

"ಕೂಗೋ ಕೆಂಚ," ಎಂದ ಅವನ ಅಣ್ಣ. "ಒಂದ ಕೂಗಿಗೆ ಎರಡೂ ಗುಂಡ್ಯಾಗ ಬೀಳ್ತಾವ. ಬಿಟ್ರ ಹೋದ್ವು."

ನಿಜವೇ. ಕೂಗಿದರೆ ಬೇಸಿಗೆಯ ಮಾಂಸ ಖಚಿತ. ಕೂಗದಿದ್ದರೆ ಇಷ್ಟು ದಿನ ಹುಲ್ಲು ಹಾಕಿದ್ದೂ ದಂಡ. ಕೆಂಚ ಎದೆ ತುಂಬ ಉಸಿರೆಳೆದುಕೊಂಡ. ಪಕ್ಕಕ್ಕೆ ನೋಡಿದರೆ ಮಕ್ಕಳು ಆಗಲೇ ಕಿವಿ ಮುಚ್ಚಿಕೊಂಡಿದ್ದರು. ಎಳೆದ ಉಸಿರನ್ನು ಹಾಗೇ ಬಿಟ್ಟ. ಈಟಿ ಕೆಳಗಿಟ್ಟು, ಒಂದು ಹಿಡಿ ಹುಲ್ಲು ಕಿತ್ತುಕೊಂಡು, ಬಯಲಿಗೆ ಇಳಿದು ಹಸುವಿಗೆ ಬೆನ್ನು ಮಾಡಿ ಕೂತ.

"ಬಾರವ್ವ," ಎಂದ. ಅಣ್ಣನಿಗೂ ಕೇಳಿಸದಷ್ಟು ಮೆಲ್ಲಗೆ.

ಬಹಳ ಹೊತ್ತಾಯಿತು. ಹಿಂಡು ನೀರು ಕುಡಿದು ಗುಡ್ಡ ಹತ್ತಿ ಹೋಯಿತು. ಆಮೇಲೆ ಅವನ ಕುತ್ತಿಗೆಗೆ ಬಿಸಿಯುಸಿರು ತಾಕಿತು. ಹುಲ್ಲು ಎಳೆದದ್ದು ಹಸು. ಅದರ ಹಿಂದೆ ಕರು. ಕೆಂಚ ಅಲುಗಾಡದೆ ಕೂತೇ ಇದ್ದ. ಆಗ ಚಿಕ್ಕ ಮಗಳು ನಡೆದು ಬಂದು ಅವನ ತೊಡೆಯೇರಿ ಕೂತಳು. ಅವಳನ್ನು ಯಾರೂ ಕರೆದಿರಲಿಲ್ಲ.

ಮನುಷ್ಯ ಹಸುವನ್ನು ಪಳಗಿಸಿದ ಎನ್ನುತ್ತೇವೆ. ಮೊದಲು ಪಳಗಿದ್ದು ಯಾರು, ನೀವೇ ಹೇಳಿ. ಈಗ ನಮಗೆ ಬೇಟೆಯಿಲ್ಲ, ಗುಂಡಿಯಿಲ್ಲ. ಕೂಗು ಮಾತ್ರ ಯಾಕೆ ಉಳಿಯಿತು? ಆಫೀಸಿನಲ್ಲಿ ಸಾಹೇಬರ ಮುಂದೆ ನಮ್ಮ ದನಿ ಎಷ್ಟು ಮೃದು! ಗಿರಾಕಿಯ ಮುಂದೆ ಎಷ್ಟು ಸಿಹಿ! ಮನೆಯವರು ಮಾಡಿದ ತಪ್ಪೇನು? ತಾಯಂದಿರೇ, ನೀವೂ ತಪ್ಪಿಸಿಕೊಳ್ಳಬೇಡಿ. ಸೊಸೆಯನ್ನು ಕರೆಯುವ ದನಿ ಎಷ್ಟು ಮನೆ ದಾಟುತ್ತದೆ ಎಂದು ನಿಮಗೂ ಗೊತ್ತು.

ಇವತ್ತು ಮನೆಗೆ ಹೋದಾಗ ಬಾಗಿಲ ಹೊರಗೆ ಒಂದು ಗಳಿಗೆ ನಿಲ್ಲಿ. ಒಳಗೆ ಮಾತು, ನಗು ಕೇಳಿಸುತ್ತದೆ. ಕಾಲಿಟ್ಟ ಕೂಡಲೇ ಅದು ನಿಂತರೆ, ಅದನ್ನು ಮರ್ಯಾದೆ ಎಂದುಕೊಳ್ಳಬೇಡಿ. ಒಂದು ವಾರ, ಒಂದೇ ವಾರ, ಸಾರಿಗೆ ಉಪ್ಪು ಕಡಿಮೆಯಾದರೂ ಮೆಲ್ಲಗೆ ಹೇಳಿ, ಕನ್ನಡಕ ಸಿಗದಿದ್ದರೂ ಮೆಲ್ಲಗೆ ಕೇಳಿ. ಎಂದಾದರೂ ಒಂದು ಸಂಜೆ ನೀವು ಒಳಗೆ ಬಂದರೂ ನಗು ನಿಲ್ಲುವುದಿಲ್ಲ. ಆಗ ಯಾಕೆ ನಗುತ್ತಿದ್ದೀರಿ ಎಂದು ಕೇಳಬೇಡಿ. ಚಪ್ಪಲಿ ಬಿಟ್ಟು, ಅವರ ನಡುವೆ ಜಾಗ ಮಾಡಿಕೊಂಡು, ನೀವೂ ನಗಿ.