ಭಾವನ ಪಕ್ಕದ ಜಾಗ

ಹನ್ನೊಂದು ವರ್ಷ ನಾವಿಬ್ಬರೂ ಒಂದೇ ಸೋಫಾದ ಮೇಲೆ ಕೂತವರು. ಇದು ಎಲ್ಲರಿಗೂ ಗೊತ್ತಿರೋ ವಿಷಯ, ಎಡಿಟರೇ! ತರಕಾರಿಯವನನ್ನ ಕೇಳಿ, ನನ್ನ ಹಲ್ಲಿನ ಡಾಕ್ಟರನ್ನ ಕೇಳಿ. ಸೀರಿಯಲ್ಲಲ್ಲಿ ಭಾವ ಅಂದ್ರೆ ಅವನು, ಭಾವಮೈದ ಅಂದ್ರೆ ನಾನು. ಅದು ನಿಂತು ನಾಲ್ಕು ವರ್ಷ ಆದ್ರೂ, ಲಿಫ್ಟಲ್ಲಿ ನನ್ನೊಬ್ಬನನ್ನೇ ಕಂಡ್ರೆ ಜನ 'ಭಾವ ಎಲ್ಲಿ?' ಅಂತಿದ್ರು. ನಿನ್ನೆ ಅವನು ತೀರ್ಕೊಂಡ ಸುದ್ದಿ ಬಂತಲ್ಲ, ಇನ್ಮೇಲೆ ಕೇಳಲ್ಲ.

ಒಂದು ಶಾಟ್ ಹುಡುಕೋಕೆ ಇಷ್ಟು ಹೊತ್ತಾ? ನಾಲ್ಕು ಗಂಟೆಗೆ ಶ್ರದ್ಧಾಂಜಲಿ ಲೈವ್. ಇಬ್ಬರೂ ಒಟ್ಟಿಗಿರೋ ಒಂದೇ ಒಂದು ಶಾಟ್ ಸಿಕ್ರೆ ನಡುವಿನ ಕುರ್ಚಿ ನನಗೆ. ಇಲ್ದಿದ್ರೆ ಅಕ್ಕನ ಪಾತ್ರ ಮಾಡಿದ್ಲಲ್ಲ, ಅವಳಿಗೆ. ಅವಳು ಆಗ್ಲೇ ಮೇಕಪ್ ರೂಮಲ್ಲಿ ಅಳೋದನ್ನ ಅಭ್ಯಾಸ ಮಾಡ್ತಿದ್ದಾಳೆ. ಕಣ್ಣಿನ ಕಪ್ಪು ಇಳೀಬಾರದು ಅಂತ ಬರೀ ಮೂಗಲ್ಲಿ ಅಳ್ತಾಳೆ, ಕೇಳಿಸ್ಕೊಂಡ್ರಾ?

ಯಾಕೆ ನಗ್ತೀರಿ? ನಾನು ಬೆಳಗ್ಗೆಯಿಂದ ಮೂರು ಚಾನೆಲ್ಲಲ್ಲಿ ಅತ್ತಿದ್ದೀನಿ! ಕೊನೇ ಉಸಿರಿನ ತನಕ ನನ್ನ ಕೈ ಹಿಡ್ಕೊಂಡಿದ್ದ ಅಂತ ಒಂದು ಚಾನೆಲ್ಲಿಗೆ ಹೇಳ್ದೆ. ಇನ್ನೊಂದಕ್ಕೆ ಭುಜ ಅಂದೆ. ಮೂರನೇದರಲ್ಲಿ ನಿಜವಾದ ಅಳುವೇ ಬಂತು... ಮೈಕ್ ಹಾಕೋಕೆ ಮುಂಚೆ ಬಂದ್ಬಿಡ್ತು, ದಂಡ ಆಯ್ತು.

ಮೊದಲ ಮೂರು ವಾರದ್ದು ಹಾಕಿ. ಆಗ... ಏನು? ಆ ಟೇಪಿನ ಮೇಲೆ ಅಡುಗೆ ಕಾರ್ಯಕ್ರಮ ತುಂಬಿಸಿದ್ರಾ? ಭೇಷ್! ಇಂಥಾ ಕಲಾವಿದನ ಮೇಲೆ ಮೂಲಂಗಿ!

ಸರಿ, ಕೊನೇ ಕಂತು. ಆ ಅಪ್ಪುಗೆ! ಅದನ್ನ ನೋಡಿ ಅಳದವರಿಲ್ಲ... ಆ ಬೆನ್ನು ನಂದಲ್ವಾ? ಓ, ಲೈಟಿನವನದ್ದು. ನನ್ನ ಶರ್ಟ್ ಹಾಕ್ಕೊಂಡು. ನೆನಪಾಯ್ತು ಬಿಡಿ, ವಾಪಸ್ ಬಂದಾಗ ಕಂಕುಳಲ್ಲಿ ಹರಿದಿತ್ತು.

ಹಾಗೆ ನೋಡಬೇಡಿ. ಆಯ್ತು, ಆ ಮೂರು ವಾರ ಆದ್ಮೇಲೆ ನಮ್ಮನ್ನ ಬೇರೆ ಬೇರೆ ತೆಗೀತಿದ್ರು. ಬೆಳಗ್ಗೆ ಅವನು, ಮಧ್ಯಾಹ್ನ ನಾನು. ನಾನು ಗೋಡೆ ಮೇಲಿನ ಗುರುತು ನೋಡ್ಕೊಂಡು ಭಾವನಿಗೆ ಉತ್ತರ ಕೊಡ್ತಿದ್ದೆ, ನೀವು ಎರಡನ್ನೂ ಅಂಟಿಸ್ತಿದ್ರಿ. ಯಾರಿಗೂ ಗೊತ್ತಾಗ್ಲಿಲ್ಲ. ಎಲ್ಲ ಅವನ ಜಂಬ! ದೊಡ್ಡ ನಟ ನೋಡಿ, ನನ್ನ ಪಕ್ಕ ಕೂತ್ರೆ ತೂಕ ಕಡಿಮೆ ಆಗ್ತಿತ್ತೇನೋ. ಸತ್ತವನ ಬಗ್ಗೆ ಯಾಕೆ ಅಂತ ಸುಮ್ನಿದ್ದೆ.

ಅಲ್ಲ, ನೀವ್ಯಾಕೆ ಸುಮ್ನಿದ್ದೀರಿ?

ಕೇಳಿ. ಮೂರನೇ ವಾರ ನನಗೆ ಒಂದೂವರೆ ಪುಟದ ಡೈಲಾಗು. ನಾಟಕದಲ್ಲಿ ಹತ್ತು ವರ್ಷ ಗಂಟಲು ಹರ್ಕೊಂಡವನು ನಾನು... ಒಂದೇ ಉಸಿರಲ್ಲಿ ಹೇಳಿದೆ. ಅವನು ಪಕ್ಕದಲ್ಲಿ ಕೂತು ಕಿವಿ ತುರಿಸ್ಕೊಂಡ. ಅಷ್ಟೇ! ಇಡೀ ಸೆಟ್ಟು ಬಿದ್ದು ಬಿದ್ದು ನಕ್ಕಿತು. ಅದು ಟೀವೀಲಿ ಬಂದ ದಿನ ನಮ್ಮಮ್ಮ ಫೋನ್ ಮಾಡಿದ್ಲು. 'ನಿನ್ನ ಪಕ್ಕ ಒಬ್ಬ ಕೂತಿದ್ನಲ್ಲೋ, ಏನು ಚೆನ್ನಾಗಿ ಮಾಡ್ತಾನೆ!' ನಮ್ಮಮ್ಮ, ಎಡಿಟರೇ!

ಏನದು? ಕತ್ತರಿಸಿ ಬಿಟ್ಟಿದ್ದ ತುಂಡಾ? ಹಾಕಿ, ನೋಡೋಣ. ಇಲ್ಲೂ ಭಾವ ಒಬ್ಬನೇ. ಸೋಫಾದ ತುದೀಲಿ ಕೂತಿದ್ದಾನೆ, ಅರ್ಧ ಮೈ ಹೊರಗೆ. ಇಡೀ ಸೋಫಾ ಖಾಲಿ ಇದೆಯಲ್ಲ... ಇದು ನಿರ್ದೇಶಕರ ದನಿ. 'ನಡುವೆ ಬನ್ನಿ ಸಾರ್.' ಇವನು ಏನಂದ? ಸ್ವಲ್ಪ ಜೋರು ಮಾಡಿ.

'ಬೇಡ ಸಾರ್. ಭಾವಮೈದ ಬಂದ್ರೆ ಕೂರೋಕೆ ಜಾಗ ಬೇಡ್ವಾ?'

ಯಾವ ವರ್ಷದ್ದು ಇದು?... ಒಂಬತ್ತನೇ ವರ್ಷದ್ದಾ.

ನಿಲ್ಲಿಸಿ. ನಿಲ್ಲಿಸಿ ಅಂದೆ.

ಆ ಕುರ್ಚಿ ಅವಳಿಗೇ ಕೊಟ್ಬಿಡಿ... ಇನ್ನೂ ಯಾಕೆ ನೋಡ್ತಿದ್ದೀರಿ? ಅಮ್ಮ ಫೋನ್ ಮಾಡಿದ ಮಾರನೇ ದಿನ ಪ್ರೊಡ್ಯೂಸರ್ ರೂಮಲ್ಲಿ ನೀವೂ ಇದ್ರಿ. ಬಾಗಿಲ ಹತ್ರ, ಟೀ ಲೋಟ ಹಿಡ್ಕೊಂಡು. ಇಷ್ಟು ವರ್ಷ ಒಂದು ಮಾತೂ ಆಡ್ಲಿಲ್ಲ ನೀವು. ಈಗ್ಲೂ ಆಡಲ್ಲ.

ಬೇರೆ ಬೇರೆ ತೆಗೀರಿ ಅಂತ ಹೇಳಿದ್ದು ನಾನು.