ಕಂಪನಿ ಕಾರಿನ ಭಾನುವಾರ

ಹಲ್ಲಿನ ಡಾಕ್ಟರ ಬಳಿ ನನ್ನ ಸರದಿಗೆ ಕಾಯುತ್ತಿದ್ದೆ. ಎದುರಿನ ಬೆಂಚಿನಲ್ಲಿ ಅಕ್ಕ ತಂಗಿ ಕೂತಿದ್ದರು. ಅಕ್ಕನ ಕೆನ್ನೆ ಊದಿತ್ತು, ನಾಲಿಗೆಗೆ ಮಾತ್ರ ಏನೂ ಆಗಿರಲಿಲ್ಲ. ತಂಗಿಯ ಮಡಿಲಲ್ಲಿ ‘ಜವಾಬ್ದಾರಿಯುತ ಉದ್ಯಮ: ಒಂದು ಜಂಟಿ ಸಂಶೋಧನೆ’ ಎಂಬ ನುಣುಪು ರಟ್ಟಿನ ಪುಸ್ತಕವಿತ್ತು.

“ನಿಮ್ಮ ವಿಶ್ವವಿದ್ಯಾಲಯ ಆ ಬಣ್ಣದ ಕಾರ್ಖಾನೆ ಜೊತೆ ಸೇರ್ಕೊಂಡು, ನಮ್ಮ ಮನೆ ಹಿಂದಿನ ಕಾಲುವೆ ಶುದ್ಧವಾಗಿದೆ ಅಂತ ಬರ್ದಿದೆಯಂತೆ?”

“ವರ್ಷಪೂರ್ತಿ ನೀರು ತಂದು ಪರೀಕ್ಷೆ ಮಾಡಿದೀವಿ ಅಕ್ಕ. ಒಂದ್ಸಲಾನೂ ಬಣ್ಣ ಸಿಗ್ಲಿಲ್ಲ.”

“ನನಗೆ ಅಡುಗೆಮನೆ ಕಿಟಕೀಲಿ ನಿಂತ್ರೆ ಸಾಕು, ಸಿಗುತ್ತೆ. ನೀವು ಯಾವತ್ತು ಬರ್ತಿದ್ರಿ?”

“ಭಾನುವಾರ. ಕಂಪನಿಯೋರು ಕಾರು ಕೊಡ್ತಿದ್ರಲ್ಲ, ಅದು ಬಿಡುವಾಗಿರೋದು ಅವತ್ತೊಂದೇ ದಿನ.”

“ಯಾಕಂತೆ ಬಿಡುವು?”

“ಅವತ್ತು ಕಾರ್ಖಾನೆಗೆ ರಜ...”

“ಭೇಷ್! ಒಲೆ ಹಚ್ಚದ ದಿನ ಬಂದು ಹೊಗೆ ಇಲ್ಲ ಅಂತ ಬರ್ದಿದ್ದೀರಿ. ಇದಕ್ಕೆ ಇಷ್ಟು ಜನ ಪ್ರೊಫೆಸರುಗಳು ಬೇಕಾಯ್ತಾ?”

“ಬೇಕೂಂತ ಮಾಡಿದ್ದಲ್ಲ ಅಕ್ಕ. ನಮ್ಮಲ್ಲಿ ಯಾರಿಗೂ ಹೊಳೀಲೇ ಇಲ್ಲ.”

“ಕಾರು ಕಳಿಸಿದೋರಿಗೆ ಹೊಳೆದಿತ್ತು. ಈಗ ಇದನ್ನೇ ತೋರಿಸಿ ಪಕ್ಕದಲ್ಲೇ ಇನ್ನೊಂದು ಕಾರ್ಖಾನೆ ಕಟ್ತಾರಂತೆ. ರಟ್ಟಿನ ಮೇಲೆ ನಿನ್ನ ಹೆಸರು ಬೇರೆ, ದಪ್ಪಕ್ಷರದಲ್ಲಿ!”

ತಂಗಿ ಪುಸ್ತಕವನ್ನು ಮಗುಚಿಟ್ಟಳು.

“ಈಗೇನು ಮಾಡ್ಲಿ ಹೇಳು.”

ಒಳಗಿನಿಂದ ಕರೆ ಬಂತು. ಅಕ್ಕ ಕೆನ್ನೆಗೆ ಕರವಸ್ತ್ರ ಒತ್ತಿಕೊಂಡು ಎದ್ದಳು.

“ಸೋಮವಾರ ಬಾಟ್ಲಿ ತಗೊಂಡು ಮನೆಗೆ ಬಾ. ಬಸ್ಸಲ್ಲಿ ಬಾ.”